ಹೂಂ ಅನ್ನುವವರ ಚಹಾ

ಮುದ್ದೇಬಿಹಾಳದಿಂದ ನಾಲತವಾಡದ ಕಡೆ ಹೋಗುವ ಬಸ್ಸಿನಲ್ಲಿ ನಾನು ಹೋಗುವಾಗ ಎಡಗಡೆ ಕೂರುತ್ತೇನೆ, ಬರುವಾಗ ಬಲಗಡೆ. ಆ ಬದಿಗೆ ಸೀಟು ಸಿಗದಿದ್ದರೆ ನಿಂತುಕೊಳ್ಳುತ್ತೇನೆ. ಇನ್ನೊಂದು ಬದಿ ಖಾಲಿ ಇದೆಯಲ್ಲ ಎಂದು ಕಂಡಕ್ಟರು ಮೊದಮೊದಲು ಕೈ ಮಾಡಿ ತೋರಿಸುತ್ತಿದ್ದರು. ಈಗ ಸುಮ್ಮನಿರುತ್ತಾರೆ. ಆ ಇನ್ನೊಂದು ಬದಿಗೆ, ನಾನು ಕಲಿಸುವ ಶಾಲೆಯ ಊರಿಗಿಂತ ಸ್ವಲ್ಪ ಮೊದಲು, ಒಂದು ಕ್ರಾಸ್ ಬರುತ್ತದೆ. ಅಲ್ಲೊಂದು ಬೇವಿನ ಮರ, ಮರದ ಮುಂದೆ ಚಹಾದಂಗಡಿ. ನನ್ನ ಗಂಡ ತೀರಿಕೊಂಡದ್ದು ಆ ಅಂಗಡಿಯ ಬೆಂಚಿನ ಮೇಲೆ.

ಅಂಗಡಿ ಎಂದರೆ ದೊಡ್ಡ ಅಂಗಡಿಯೇನಲ್ಲ. ನಾಲ್ಕು ಜಾಲಿ ಕಂಬ, ಮೇಲೆ ತಗಡು, ಗಾಳಿ ಬೀಸುವ ಕಡೆಗೆ ಒಂದು ಹಳೆಯ ಬ್ಯಾನರಿನ ಗೋಡೆ. ಬ್ಯಾನರಿನಲ್ಲಿ ಯಾರಿಗೋ ಹುಟ್ಟುಹಬ್ಬದ ಶುಭಾಶಯ. ಬಿಸಿಲಿಗೆ ಮುಖಗಳೆಲ್ಲ ಬೆಳ್ಳಗಾಗಿ ಮೀಸೆಗಳಷ್ಟೇ ಉಳಿದಿವೆ. ಒಲೆ ರಸ್ತೆಯ ಅಂಚಿಗಿದೆ. ಅಂಗಡಿಯವನು ಒಲೆಯ ಹಿಂದೆ, ರಸ್ತೆಗೆ ಮುಖ ಮಾಡಿ ನಿಲ್ಲುತ್ತಾನೆ. ಅವಸರದವರು ಎದುರಿಗೆ ನಿಂತೇ ಚಹಾ ಕುಡಿದು ಗಾಡಿ ಹತ್ತುತ್ತಾರೆ. ಪುರುಸೊತ್ತು ಇದ್ದವರಿಗೆ ಅವನ ಬೆನ್ನ ಹಿಂದೆ ಬೇವಿನ ನೆರಳಿನಲ್ಲಿ ಒಂದು ಉದ್ದನೆಯ ಬೆಂಚು. ಚಹಾ ಎಲ್ಲರಿಗೂ ಸಿಗುತ್ತಿತ್ತು, ಕಥೆ ಸಿಗುತ್ತಿದ್ದದ್ದು ಬೆಂಚಿನ ಮೇಲೆ ಕೂತವರಿಗೆ ಮಾತ್ರ.

ಅವನು ಕಥೆ ಹೇಳುವ ರೀತಿಯೇ ವಿಚಿತ್ರವಾಗಿತ್ತು ಎಂದು ಅಲ್ಲಿ ಕೂತು ಬಂದವರು ಹೇಳುತ್ತಿದ್ದರು. ಬಸ್ಸು ನಿಂತದ್ದು, ಬೈಕು ನಿಂತದ್ದು ನೋಡಬೇಕಾದ್ದರಿಂದ ಅವನ ಮುಖ ಯಾವಾಗಲೂ ರಸ್ತೆಯ ಕಡೆಗೇ. ಕೈ ಚಹಾ ಕುದಿಸುತ್ತಿತ್ತು, ಬಾಯಿ ಕಥೆ ಹೇಳುತ್ತಿತ್ತು, ಬೆನ್ನು ಮಾತ್ರ ಕೇಳುವವರ ಕಡೆಗಿರುತ್ತಿತ್ತು. ಹಿಂದೆ ಕೂತವರು ಕೇಳುತ್ತಿದ್ದಾರೋ, ಎದ್ದು ಹೋದರೋ ತಿಳಿಯಲು ಅವನಿಗೆ ಇದ್ದದ್ದು ಒಂದೇ ದಾರಿ. ಹಿಂದಿನಿಂದ ಹೂಂ ಎಂಬ ದನಿ ಬರಬೇಕು.

ನಮ್ಮ ಕಡೆ ಹೂಂ ಅನ್ನುವವರಿಲ್ಲದೆ ಕಥೆ ನಡೆಯುವುದಿಲ್ಲ. ನನ್ನ ಅಜ್ಜಿಯೂ ಹಾಗೇ ಇದ್ದಳು. ನಾವು ಒಂದು ಸಲ ಹೂಂ ಅನ್ನುವುದು ಮರೆತರೆ ರಾಜನನ್ನು ಕುದುರೆಯ ಮೇಲೆ ಅರ್ಧ ಹತ್ತಿಸಿದಲ್ಲೇ ಬಿಟ್ಟು ಮಗ್ಗುಲಾಗಿಬಿಡುತ್ತಿದ್ದಳು. ಈ ಚಹಾದಂಗಡಿಯಲ್ಲಿ ಆ ಪದ್ಧತಿಗೆ ಇನ್ನೊಂದು ಸೇರಿತ್ತು. ಕಥೆ ಮುಗಿಯುವವರೆಗೆ ಹೂಂ ಅಂದವರಿಗೆ ಕೊನೆಯಲ್ಲಿ ಒಂದು ಚಹಾ, ಅಂಗಡಿಯವನ ಲೆಕ್ಕದಲ್ಲಿ. ನಡುವೆ ಎದ್ದವರಿಗೆ ಇಲ್ಲ. ಅದಕ್ಕೆ ಹೂಂ ಅನ್ನುವವರ ಚಹಾ ಎಂದೇ ಹೆಸರಿತ್ತು. ಸ್ವಲ್ಪ ಹೆಚ್ಚು ಸಕ್ಕರೆ, ಸ್ವಲ್ಪ ಹೆಚ್ಚು ಹಾಲು.

ಆ ಚಹಾ ಹೆಚ್ಚಾಗಿ ಕುಡಿದವರು ನನ್ನ ಗಂಡ. ಮುದ್ದೇಬಿಹಾಳದಲ್ಲಿ ಅವರದು ಪಂಪಿನ ಮೋಟಾರು ರಿಪೇರಿ ಅಂಗಡಿ. ಬೋರ್‌ವೆಲ್ಲಿನ ಮೋಟಾರು ಸುಟ್ಟಿತು ಎಂದು ಹಳ್ಳಿಗಳಿಂದ ಫೋನು ಬರುತ್ತಿತ್ತು, ಇವರು ಬೈಕು ಏರಿ ಹೋಗುತ್ತಿದ್ದರು. ಎತ್ತಲಿಂದ ಬಂದರೂ ಬರುವ ದಾರಿ ಆ ಕ್ರಾಸಿಗೇ ಹೇಗೆ ಬಂದು ಸೇರುತ್ತಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಧ್ಯಾಹ್ನ ಇಳಿಹೊತ್ತಿನಲ್ಲಿ, ಗಿರಾಕಿ ಕಡಿಮೆ ಇರುವಾಗ, ಬೇವಿನ ಮರಕ್ಕೆ ಬೆನ್ನು ಕೊಟ್ಟು ಕೂತು ಹೂಂ ಅನ್ನುತ್ತಿದ್ದರಂತೆ. ಅವರಷ್ಟು ಚೆಂದ ಹೂಂ ಅನ್ನುವವರು ಈ ಸೀಮೆಯಲ್ಲೇ ಇಲ್ಲ ಎಂದು ಅಂಗಡಿಯವನು ಬಂದವರಿಗೆಲ್ಲ ಹೇಳುತ್ತಿದ್ದನಂತೆ.

ಈ ಸುದ್ದಿ ನನ್ನ ಕಿವಿಗೆ ಬಿದ್ದಾಗ ನನಗೆ ಮೈಯೆಲ್ಲ ಉರಿದಿತ್ತು. ಏಕೆಂದರೆ ಮನೆಯಲ್ಲಿ ಆ ಮನುಷ್ಯ ಬಾಯಿ ಬಿಡುತ್ತಿರಲಿಲ್ಲ. ಗ್ಯಾಸು ಮುಗಿದಿದೆ ಎಂದರೆ ಉತ್ತರವಿಲ್ಲ. ನೀರು ಬಂದಿಲ್ಲ ಎಂದರೆ ಉತ್ತರವಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದಾಗಲೂ ಸ್ಕ್ರೂ ಡ್ರೈವರನ್ನು ಲುಂಗಿಗೆ ಒರೆಸುತ್ತ ಕೂತಿದ್ದರು.

‘ಹೂಂ ಅನ್ನಾಕ ಏನ್ ಧಾಡಿ ನಿಮಗ? ಅಲ್ಲಿ ಚಾದಂಗಡ್ಯಾಗ ಊರಮಂದಿಗೆಲ್ಲಾ ಹೂಂ ಅಂತೀರಂತ!’ ಎಂದು ಒಂದು ದಿನ ಜಗಳ ತೆಗೆದೆ.

‘ಕೇಳಾಕತ್ತೇನಲ್ಲ,’ ಎಂದರು. ‘ಅಲ್ಲಿ ಅವಗ ನಾ ಕಾಣೂದಿಲ್ಲ. ನಿನಗ ಕಾಣ್ತೇನಿ.’

ಅವರ ಮಟ್ಟಿಗೆ ಅದು ದೊಡ್ಡ ಭಾಷಣ. ನಾನು ಆಮೇಲೆ ಕೇಳುವುದು ಬಿಟ್ಟೆ.

ಅವರು ಹೋಗಿ ಎರಡು ಬೇಸಿಗೆ ಕಳೆದವು. ಅವರು ಹೋದ ದಿನ ನಾನು ಶಾಲೆಯಿಂದ ಬಂದು ಬಟ್ಟೆ ಮಡಿಚುತ್ತಿದ್ದೆ. ಅವರ ಪಕ್ಕದಂಗಡಿಯವರು ಫೋನು ಮಾಡಿ, ‘ಅಕ್ಕೋರ, ಅಣ್ಣಾರಿಗೆ ಆರಾಮಿಲ್ಲರೀ, ದವಾಖಾನಿಗೆ ಬರ್ರಿ’ ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ, ವಯಸ್ಸು ಎಷ್ಟೇ ಇರಲಿ. ಆ ದನಿಯಲ್ಲೇ ನನಗೆ ಗೊತ್ತಾಯಿತು. ಆದರೂ ಮಡಿಚುತ್ತಿದ್ದ ಅಂಗಿಯನ್ನು ಪೂರ್ತಿ ಮಡಿಚಿ ಇಟ್ಟೇ ಹೊರಟೆ. ಯಾಕೆ ಹಾಗೆ ಮಾಡಿದೆನೋ.

ದವಾಖಾನೆಯಲ್ಲಿ ಡಾಕ್ಟರು ಕೈ ತೊಳೆಯುತ್ತಿದ್ದರು. ಹೃದಯ ನಿಂತಿದೆ ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, ‘ಇನ್ನೊಂದು ಸ್ವಲ್ಪ ಮೊದಲೇ ತಂದಿದ್ದರೆ ನೋಡಬಹುದಿತ್ತು’ ಎಂದರು. ಪಾಪ, ಏನೋ ಒಂದು ಹೇಳಬೇಕು ಎಂದು ಹೇಳಿದ ಮಾತು ಅದು. ಅವರು ಮರೆತಿರುತ್ತಾರೆ. ನಾನು ಮರೆಯಲಿಲ್ಲ.

ಹೊರಗೆ ವರಾಂಡದಲ್ಲಿ ಚಹಾದಂಗಡಿಯವನು ನಿಂತಿದ್ದ. ಅವನನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ ಮೊದಲು. ತೆಳ್ಳಗಿನ, ವಯಸ್ಸಾದ ಮನುಷ್ಯ. ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ.

‘ಕಥಿ ಮುಗಿಯೂತನಕ ಹೂಂ ಅಂದಾರ್ರಿ ಅಕ್ಕೋರ,’ ಎಂದ. ‘ಕಡೀ ಮಾತಿಗೂ ಹೂಂ ಅಂದಾರ. ಚಾ ಸೋಸಿ ತಂದು ಬೆಂಚಿನ ಮ್ಯಾಲಿಟ್ನಿ. ಕಣ್ ಮುಚ್ಚಿದ್ರು, ನಿದ್ದಿ ಹತ್ತೇತಿ ಅನ್ಕೊಂಡ್ನಿ. ಮತ್ತ ತಿರುಗಿ ನೋಡೂದ್ರಾಗ ಚಾ ಕೆನಿಗಟ್ಟಿತ್ತು. ಆಗ ಮುಟ್ಟಿದ್ನಿ.’

ನನ್ನ ಬದುಕು ಸಿಕ್ಕಿಹಾಕಿಕೊಂಡದ್ದು ಈ ಎರಡು ಮಾತುಗಳ ನಡುವೆ. ಹೂಂ ಕೊನೆಯವರೆಗೂ ಬಂದಿದ್ದು ನಿಜವಾದರೆ ಅವರು ಒಂದೆರಡು ಗಳಿಗೆಯಲ್ಲಿ ಹೋದರು, ಯಾರೂ ಏನೂ ಮಾಡುವ ಹಾಗಿರಲಿಲ್ಲ. ನಡುವೆಯೇ ನಿಂತಿದ್ದರೆ, ಉಳಿದ ಕಥೆಯಷ್ಟು ಹೊತ್ತು ಅವರು ಆ ಮರಕ್ಕೆ ಒರಗಿ ಒಬ್ಬರೇ ಸಾಯುತ್ತಿದ್ದರು, ಎರಡು ಮಾರು ದೂರದಲ್ಲಿ ಇವನು ಬೆನ್ನು ತಿರುಗಿಸಿ ಕಥೆ ಹೇಳುತ್ತಿದ್ದ. ಡಾಕ್ಟರು ಹೇಳಿದ ಆ ‘ಇನ್ನೊಂದು ಸ್ವಲ್ಪ ಮೊದಲು’ ಆ ಬೆಂಚಿನ ಮೇಲೆ ಕಳೆದುಹೋಗಿತ್ತು. ಇವೆರಡರಲ್ಲಿ ಯಾವುದು ಎಂದು ನನಗೆ ಗೊತ್ತಾಗಬೇಕಿತ್ತು.

ನಾನು ಅಳಲಿಲ್ಲ. ಇದು ದೊಡ್ಡಸ್ತಿಕೆಗೆ ಹೇಳುವ ಮಾತಲ್ಲ, ಅಳು ಬರಲೇ ಇಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗೆ. ದಿನಕರ್ಮ ಮುಗಿಸಿ ಮಗಳು ಗಂಡನ ಮನೆಗೆ ಹೋದ ಮೇಲೂ, ಸಿಂದಗಿಯಿಂದ ಬಂದ ನನ್ನ ಅವ್ವ ತಿಂಗಳುಗಟ್ಟಲೆ ನನ್ನ ಜೊತೆಗಿದ್ದಳು. ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು, ಅವ್ವನಿಗೆ ನಾಚಿಕೆಯಾಗುತ್ತಿತ್ತು.

‘ಮಂದಿ ಮುಂದರ ಒಂದೀಟ ಅಳಬಾರದೇನ?’ ಎಂದು ಒಳಗೆ ಕರೆದು ಬೈದಳು.

‘ಬಂದ್ರ ಅಳ್ತೇನವ್ವಾ,’ ಎಂದೆ.

ಶಾಲೆಗೆ ಹೋದೆ. ಮಕ್ಕಳಿಗೆ ಭಾಗಾಕಾರ ಕಲಿಸಿದೆ. ಅವರ ಅಂಗಡಿಯಲ್ಲಿ ಉಳಿದಿದ್ದ ಮೋಟಾರುಗಳನ್ನು ಅವರವರ ಹಳ್ಳಿಯವರಿಗೆ ಮುಟ್ಟಿಸಿದೆ. ಜೋಳ ಹಸನು ಮಾಡಿದೆ, ಗಿರಣಿಗೆ ಹಾಕಿಸಿದೆ, ರೊಟ್ಟಿ ಬಡಿದೆ. ತಿಂದದ್ದು ಖಾರವೋ ಸಪ್ಪೆಯೋ ತಿಳಿಯುತ್ತಿರಲಿಲ್ಲ. ಟೀವಿಯಲ್ಲಿ ಧಾರಾವಾಹಿ ಹಚ್ಚಿ ಅದರ ಮುಂದೆ ಕೂರುತ್ತಿದ್ದೆ. ಎಲ್ಲ ಧಾರಾವಾಹಿಗಳಲ್ಲೂ ಹುಡುಗ ಹುಡುಗಿಗೆ ಪ್ರೀತಿ ಶುರುವಾಗುವುದು ಪಾನಿಪುರಿ ಗಾಡಿಯ ಮುಂದೆ ಎಂಬುದನ್ನು ನಾನು ಗಮನಿಸಿದ್ದು ಆ ದಿನಗಳಲ್ಲಿ. ಸಿನಿಮಾದಲ್ಲಿ ಹೊಡೆದಾಟ ಹತ್ತಿದರೆ ಮೊದಲು ಮಗುಚಿ ಬೀಳುವುದು ತರಕಾರಿ ಗಾಡಿ. ಟೊಮ್ಯಾಟೊ ಉರುಳಾಡುತ್ತವೆ, ಗಾಡಿಯವನು ತಲೆಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ, ಹೀರೋ ತಿರುಗಿಯೂ ನೋಡುವುದಿಲ್ಲ. ದೆವ್ವದ ಕಥೆಗಳಲ್ಲಿ ಬಿಳಿ ಸೀರೆಯವಳು ಕಾಣಿಸುವುದು ಊರ ಹೊರಗಿನ ಬೀಡಿ ಅಂಗಡಿಯ ಹತ್ತಿರವೇ. ದೆವ್ವಕ್ಕೂ ಜನ ಬೇಕು, ಕಥೆಗೂ ಜನ ಬೇಕು. ನಾಲ್ಕು ಜನ ನಿಲ್ಲುವ ಜಾಗ ಎಂದರೆ ಇಂಥ ಅಂಗಡಿಯೇ. ನಿಂತವರು ಸುಮ್ಮನೆ ನಿಲ್ಲುತ್ತಾರೆಯೇ? ಏನಾದರೊಂದು ಹೇಳಬೇಕು. ಹೇಳಲು ಏನೂ ಇಲ್ಲದಿದ್ದರೆ ನನ್ನ ಗಂಡನಂಥವರು ಸಿಗುತ್ತಾರೆ.

ಹೌದು, ನನ್ನ ಗಂಡನೂ ಒಂದು ಕಥೆಯಾದರು. ನನಗೇ ಮೊದಲು ಗೊತ್ತಿರಲಿಲ್ಲ.

ಅಗರಖೇಡದಲ್ಲಿ ನಮ್ಮವರ ಅಕ್ಕ ಇದ್ದಾರೆ. ಅವರನ್ನು ಮಾತಾಡಿಸಲು ಹೋಗುವಾಗ ಇಂಡಿಯಲ್ಲಿ ಇಳಿದು ಬಸ್ಸಿಗೆ ಕಾಯುತ್ತಿದ್ದೆ. ಇಂಡಿಯಲ್ಲಿ ಲಿಂಬೆ ಶರಬತ್ತಿನ ಗಾಡಿಗಳಿಗೇನು ಕಡಿಮೆ, ಒಂದರ ಮುಂದೆ ನಿಂತೆ. ಗಾಡಿಯವನು ಲಿಂಬೆ ಹಿಂಡುತ್ತ ಇನ್ನೊಬ್ಬ ಗಿರಾಕಿಗೆ ಹೇಳುತ್ತಿದ್ದ.

‘ಮುದ್ದೇಬಿಹಾಳ ಕಡೆ ಒಬ್ಬಾಂವ ಕಥಿ ಕೇಳ್ಕೋತ ಕೇಳ್ಕೋತ ಸತ್ತನಂತ, ಗೊತ್ತೇನು? ಯಮನ ಕಥಿ ಇತ್ತಂತ. ಯಮ ಬಾಗಿಲ ಬಡದ ಅನ್ನೂದಕ್ಕ, ಇಲ್ಲಿ ಇವನ ಉಸರ ಹೋಗೂದಕ್ಕ ಸರಿ ಆತಂತ.’

ಗಿರಾಕಿ ಬಾಯಿ ತೆರೆದು ಕೇಳುತ್ತಿದ್ದ. ನನ್ನ ಎದೆಯಲ್ಲಿ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಶರಬತ್ತಿಗೆ ಉಪ್ಪು ಹಾಕಬೇಕೋ ಸಕ್ಕರೆ ಹಾಕಬೇಕೋ ಎಂದು ಅವನು ಕೇಳಿದ. ಎರಡೂ ಹಾಕಿ ಎಂದೆ.

ಅದಾದ ಮೇಲೆ ಸಿಂದಗಿಯಲ್ಲಿ. ಅವ್ವನ ಮನೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲಿನ ಗಾಡಿ, ಗಾಲಿ ತಿರುಗಿದ ಹಾಗೆಲ್ಲ ಗೆಜ್ಜೆ ಗಲಗಲ ಎನ್ನುತ್ತಿತ್ತು. ಅಲ್ಲಿ ನನ್ನ ಗಂಡ ದೊಡ್ಡ ಜಮೀನುದಾರರಾಗಿದ್ದರು. ಬೆರಳಿಗೆ ಬಂಗಾರದ ಉಂಗುರವಂತೆ. ಸಾಯುವಾಗ ‘ನಾ ಹೋದ್ರೂ ಚಿಂತಿಲ್ಲ, ಕಥಿ ನಿಲ್ಲಿಸಬ್ಯಾಡ’ ಎಂದರಂತೆ.

‘ಅವರ ಕೈಯಾಗ ಉಂಗುರ ಇರಲಿಲ್ರಿ,’ ಎಂದೆ.

ಗಾಡಿಯವನಿಗೆ ಸಿಟ್ಟು ಬಂತು. ‘ನಿಮಗ ಹೆಂಗ ಗೊತ್ತರೀ?’

‘ನಾ ಕೇಳಿದ ಕಥ್ಯಾಗ ಇರಲಿಲ್ಲ.’

‘ನಿಮಗ ಯಾರೋ ಅರ್ಧಮರ್ಧ ಹೇಳ್ಯಾರ ಬಿಡ್ರಿ,’ ಎಂದ. ನಾನು ಕಬ್ಬಿನ ಹಾಲು ಕುಡಿದು ಗ್ಲಾಸು ಇಟ್ಟು ಬಂದೆ. ದಾರಿಯಲ್ಲಿ ಸ್ವಲ್ಪ ನಗುವೂ ಬಂತು. ಮನೆಯಲ್ಲಿ ಮೂರು ಮಾತು ಆಡದ ಮನುಷ್ಯನ ಬಾಯಲ್ಲಿ ಸಾಯುವಾಗ ಎಂಥ ಡೈಲಾಗು ಹಾಕಿದ್ದಾರೆ ನೋಡಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಬಸವನ ಬಾಗೇವಾಡಿಯಲ್ಲಿ. ನಮ್ಮ ಶಾಲೆಯ ಹೆಡ್‌ಮಾಸ್ತರರ ಮಗನ ಮದುವೆ ಇತ್ತು. ಊಟ ಮುಗಿಸಿ ಕಲ್ಯಾಣ ಮಂಟಪದ ಹೊರಗೆ ಬಂದಾಗ ಸೆಕೆ ತಡೆಯಲಾರದೆ ಒಂದು ಚುರುಮುರಿ ಗಾಡಿಯ ನೆರಳಿಗೆ ನಿಂತು ಒಂದು ಪೊಟ್ಟಣ ಕೊಂಡೆ. ಅಲ್ಲಿ ರೇಷ್ಮೆ ಸೀರೆಯ ಹೆಂಗಸರ ಗುಂಪು ಚುರುಮುರಿ ತಿನ್ನುತ್ತಿತ್ತು. ಅವರಲ್ಲಿ ಒಬ್ಬಳು ಕಣ್ಣರಳಿಸಿ ಹೇಳುತ್ತಿದ್ದಳು.

‘ಸತ್ತಮ್ಯಾಲೂ ಹೆಣ ಹೂಂ ಅಂತಿತ್ತಂತ್ರೀ! ಜೀವ ಯಾವಾಗೋ ಹೋಗಿತ್ತಂತ, ಕಥಿ ಮುಗಿಯೂತನಕ ಹೂಂ ಅನ್ನೂದ ಬಿಟ್ಟಿಲ್ಲಂತ!’

ಉಳಿದವರು ‘ಯವ್ವಾ!’ ಎಂದು ಹೆದರಿದವರಂತೆ ಮಾಡಿ, ಆಮೇಲೆ ನಕ್ಕರು. ಒಬ್ಬಳು ಹೆಣದ ದನಿ ಮಾಡಿ ಹೂಂ ಎಂದಳು. ಮತ್ತೆ ನಕ್ಕರು. ನನ್ನ ಕೈಯಲ್ಲಿದ್ದ ಚುರುಮುರಿಯ ಪೊಟ್ಟಣವನ್ನು ಅಲ್ಲೇ ಗೋಡೆಯ ಮೇಲಿಟ್ಟೆ. ಇವಳ ಜಡೆ ಹಿಡಿದು ಎರಡು ಬಿಡಬೇಕು ಎನ್ನಿಸಿತು. ಎರಡು ಬೇಸಿಗೆಗಳ ನಂತರ ನನಗೆ ಎನ್ನಿಸಿದ ಮೊದಲ ಗಟ್ಟಿಯಾದ ಭಾವನೆ ಅದು. ಅಳುವಲ್ಲ, ಬಡಿಯುವ ಆಸೆ.

ಬಸ್ಸಿನಲ್ಲಿ ಮರಳುವಾಗ ಯೋಚಿಸಿದೆ. ಮೂರು ತಾಲೂಕಿನ ಗಾಡಿಗಳ ಮುಂದೆ ಜನ ನನ್ನ ಗಂಡನನ್ನು ಬೇಕಾದ ಹಾಗೆ ಸಾಯಿಸುತ್ತಿದ್ದಾರೆ. ಯಮ ಬಂದ, ಉಂಗುರ ಬಂತು, ಈಗ ದೆವ್ವವೂ ಆಯಿತು. ಆ ದಿನ ನಡೆದದ್ದನ್ನು ಬಲ್ಲವನು ಒಬ್ಬನೇ, ಅವನ ಅಂಗಡಿಯ ಮುಂದೆ ನಾನು ದಿನಾ ಎರಡು ಸಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೇನೆ.

ಅದೇ ವಾರದ ಶನಿವಾರ, ಬೆಳಗಿನ ಶಾಲೆ ಮುಗಿಸಿ ಬರುವಾಗ, ಕ್ರಾಸಿನಲ್ಲಿ ಇಳಿಯುತ್ತೇನೆ ಎಂದೆ. ಕಂಡಕ್ಟರು ನನ್ನ ಮುಖ ನೋಡಿದರು. ಆಮೇಲೆ ಏನೂ ಕೇಳದೆ ಸೀಟಿ ಹೊಡೆದರು.

ಬಿಸಿಲು ಸುಡುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಒಲೆಯ ಹಿಂದೆ ನಿಂತವನು ನನ್ನನ್ನು ಕಂಡು ಟವೆಲು ಕೈಗೆ ತೆಗೆದುಕೊಂಡ. ದವಾಖಾನೆಯಲ್ಲಿ ಹಿಂಡಿದ ಹಾಗೆಯೇ ಹಿಂಡತೊಡಗಿದ.

‘ಬರ್ರಿ ಅಕ್ಕೋರ,’ ಎಂದ. ‘ಒಂದಿನ ಬರ್ತೀರಿ ಅಂತ ಗೊತ್ತಿತ್ರಿ.’

‘ಕಥಿ ಹೇಳೂದ ಬಿಟ್ಟೀರಂತ?’

‘ಹೇಳಾಂವ ಅದೀನ್ರಿ, ಹೂಂ ಅನ್ನಾವರ ಇಲ್ಲ. ಕಥಿ ಹೇಳಿ ಕೊಂದ ಅಂತ ಮಂದಿ ಚಾಷ್ಟಿ ಮಾಡ್ತಾರ. ಬೆಂಚಿನ ಮ್ಯಾಲೆ ಯಾರೂ ಕೂಡ್ರೂದಿಲ್ಲ.’ ಒಲೆಯ ಮೇಲಿನ ಪಾತ್ರೆ ಸರಿಸುತ್ತ ಹೇಳಿದ. ‘ಅವರು ಕಡೀತನಕ ಕೇಳ್ಯಾರ ಅನ್ನೂದ ಒಂದ ನನಗ ಆಧಾರ ನೋಡ್ರಿ. ಇಲ್ಲಂದ್ರ ನಾ ಇಲ್ಲಿ ಒಲಿ ಹಚ್ಚತಿದ್ದಿಲ್ಲ.’

ನಾನು ಹೋಗಿ ಬೆಂಚಿನ ಮೇಲೆ ಕೂತೆ. ‘ಆ ದಿನದ ಕಥಿ ಹೇಳ್ರಿ. ಮೊದಲಿಂದ,’ ಎಂದೆ.

ಅವನ ಮುಖ ಸಣ್ಣದಾಯಿತು. ‘ಹೂಂ ಅಂತೀರೇನ್ರಿ?’

‘ಅಂತೇನಿ.’

ಅವನು ಪಾತ್ರೆಗೆ ನೀರು ಸುರಿದ, ರಸ್ತೆಗೆ ಮುಖ ಮಾಡಿದ. ನನಗೆ ಅವನ ಬೆನ್ನು ಕಾಣತೊಡಗಿತು. ಅಂಗಿ ಬೆವರಿಗೆ ಅಂಟಿಕೊಂಡಿತ್ತು.

‘ಒಂದ ದಾರೀ ಮ್ಯಾಲೆ,’ ಎಂದು ಶುರು ಮಾಡಿದ, ‘ಒಬ್ಬಾಕಿ ಮುದುಕಿ ರೊಟ್ಟಿ ಪುಂಡಿಪಲ್ಲೆ ಇಟ್ಕೊಂಡು ಕುಂತಿದ್ದಳು.’

ಹೂಂ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

‘ಒಬ್ಬ ದಾರಿಕಾರ ಬಂದ. ಹೊಟ್ಟಿ ಹಸದೈತಿ, ಕೈಯಾಗ ಏನೂ ಇಲ್ಲ. ಮುದುಕಿ ಅಂದ್ಲು, ಉಣ್ಣಪಾ, ಮುಂದ ಹೋಗಿ ಏನೇನ ನೋಡ್ತಿ ಅದನ್ನ ತಿರುಗಿ ಬಂದು ನನಗ ಹೇಳು. ನಾ ಈ ದಾರಿ ಬಿಟ್ಟು ಎಲ್ಲೂ ಹೋದಾಕಿ ಅಲ್ಲ.’

ಹೂಂ.

ದಾರಿಕಾರ ಉಂಡು ಹೊರಟ. ಒಂದು ಹಳ್ಳ ದಾಟಿದ. ತಿರುಗಿ ನೋಡಿದರೆ ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾಳೆ. ಇಷ್ಟರವರೆಗೆ ನಾನು ಹೂಂ ಅಂದದ್ದು ನೆನಪಿದೆ. ಆಮೇಲೆ ನಾನು ಹಿಂದಕ್ಕೆ ಒರಗಿದೆ. ಬೇವಿನ ತೊಗಟೆ ಎಲ್ಲೆಡೆ ಒರಟಾಗಿತ್ತು, ನನ್ನ ಬೆನ್ನು ತಗುಲಿದಲ್ಲಿ ಮಾತ್ರ ನುಣ್ಣಗಿತ್ತು. ಎಷ್ಟೋ ವರ್ಷ ಒಂದೇ ಬೆನ್ನು ಒರಗಿ ಆದ ನುಣುಪು. ಆ ಬೆನ್ನು ನನಗೆ ಗೊತ್ತಿತ್ತು. ಎಡಗಡೆಯ ಹೆಗಲೆಲುಬಿನ ಹತ್ತಿರ ಒಂದು ನರೂಲಿ ಇತ್ತು, ಸ್ನಾನದಲ್ಲಿ ನಾನೇ ಬೆನ್ನು ತಿಕ್ಕುತ್ತಿದ್ದೆ. ಕೈಯಿಂದ ಆ ತೊಗಟೆಯನ್ನು ಮುಟ್ಟಿದೆ. ಹೂಂ ಅನ್ನುವುದು ಮರೆತೇಹೋಯಿತು.

ಕಥೆ ನಡೆಯುತ್ತಿತ್ತು. ದಾರಿಕಾರ ಎರಡನೆಯ ಹಳ್ಳ ದಾಟಿದ. ಅಂಗಡಿಯವನು ಉಸಿರು ಎಳೆದುಕೊಳ್ಳಲು ನಿಂತ. ಹೂಂ ಎಂದು ಕೇಳಿಸಿತು.

ನಾನೇ ಅಂದೆನೇನೋ ಎಂದುಕೊಂಡೆ. ನನ್ನ ಬಾಯಿ ಮುಚ್ಚಿತ್ತು. ಪಕ್ಕಕ್ಕೆ ನೋಡಿದೆ, ಬೆಂಚು ಖಾಲಿ. ಹಿಂದೆ ನೋಡಿದೆ, ತೊಗರಿ ಹೊಲ, ಕೊಯ್ದು ಬಿಟ್ಟ ಕಡ್ಡಿಗಳು. ದಾರಿಕಾರ ಒಂದು ಪಟ್ಟಣ ಸೇರಿದ, ಅಲ್ಲಿ ಕೆಲಸಕ್ಕೆ ನಿಂತ. ಮತ್ತೆ ಹೂಂ. ಈ ಸಲ ನಾನು ಅವನ ಬೆನ್ನನ್ನೇ ನೋಡುತ್ತಿದ್ದೆ. ಮೂಗಿನಿಂದ ಬಂದ ಸಣ್ಣ ದನಿ, ಹೇಳುವ ದನಿಗಿಂತ ತಗ್ಗಿನದು, ಚಮಚ ತಿರುಗಿಸುವ ಕೈಯ ಜೊತೆಗೇ ಬಂದದ್ದು. ಅವನೇ ಹೂಂ ಅನ್ನುತ್ತಿದ್ದ. ತಾನೇ ಹೇಳಿ ತಾನೇ ಹೂಂ ಅನ್ನುತ್ತಿದ್ದ, ಅದು ಅವನಿಗೆ ಗೊತ್ತೇ ಇರಲಿಲ್ಲ. ಎಷ್ಟು ವರ್ಷದ ರೂಢಿಯೋ! ಹಿಂದಿನಿಂದ ದನಿ ಬಂದರೆ ಸರಿ, ಬರದಿದ್ದರೆ ಆ ಜಾಗ ಖಾಲಿ ಉಳಿಯದಂತೆ ಅವನ ಗಂಟಲೇ ತುಂಬಿಬಿಡುತ್ತಿತ್ತು.

ಬಾಗೇವಾಡಿಯ ಆ ರೇಷ್ಮೆ ಸೀರೆಯವಳು ಹೇಳಿದ್ದು ಸರಿಯಾಗಿಯೇ ಇತ್ತು. ಜೀವ ಯಾವಾಗಲೋ ಹೋಗಿತ್ತು, ಹೂಂ ಮಾತ್ರ ಕೊನೆಯವರೆಗೂ ಬಂದಿತ್ತು.

ಯಾವ ಹಳ್ಳದ ಹತ್ತಿರ ಅವರು ಸುಮ್ಮನಾದರು? ಮೊದಲನೆಯದೋ, ಎರಡನೆಯದೋ, ಪಟ್ಟಣ ಸೇರಿದ ಮೇಲೋ? ಮಕ್ಕಳಿಗೆ ಲೆಕ್ಕ ಕಲಿಸುವ ನನಗೆ ಈ ಲೆಕ್ಕ ಹತ್ತಲಿಲ್ಲ, ಇನ್ನು ಮುಂದೆಯೂ ಹತ್ತುವುದಿಲ್ಲ. ಎದ್ದು ಅವನ ಮುಂದೆ ನಿಂತು, ‘ಹೂಂ ಅಂದವರು ನೀವು, ಅವರಲ್ಲ’ ಎಂದು ಕೂಗಬೇಕು ಎನ್ನಿಸಿತು. ಬೆಂಚಿನ ಅಂಚು ಹಿಡಿದು ಕೂತೇ ಇದ್ದೆ. ದಾರಿಕಾರ ಮುದುಕನಾಗಿ ತಿರುಗಿ ಬಂದ. ರೊಟ್ಟಿಯ ಮುದುಕಿಗೆ ಕಣ್ಣು ಹೋಗಿದ್ದವು, ಆದರೂ ಅದೇ ಜಾಗದಲ್ಲಿ ಕೂತಿದ್ದಳು. ಅವನು ಕಂಡದ್ದನ್ನೆಲ್ಲ ಅವಳಿಗೆ ಹೇಳಿದ. ಅವಳು ಅವನ ಮುಂದೆ ರೊಟ್ಟಿ ಇಟ್ಟಳು. ಇಷ್ಟೇ ಕಥೆ. ಇಷ್ಟು ಸಣ್ಣ ಕಥೆಯ ನಡುವೆ ಒಂದು ಜೀವ ಹೋಗಿತ್ತು.

ಅಂಗಡಿಯವನು ಚಹಾ ಸೋಸಿದ. ತಿರುಗಿ ಬಂದು ಬೆಂಚಿನ ಮೇಲಿಟ್ಟ. ಅವನ ಕಣ್ಣು ಒದ್ದೆಯಾಗಿದ್ದವು, ಮುಖ ಮಾತ್ರ ಹಗುರಾಗಿತ್ತು. ಎರಡು ವರ್ಷದಿಂದ ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿದವನ ಮುಖ.

‘ಕಡೀತನಕ ಹೂಂ ಅಂದ್ರಿ ಅಕ್ಕೋರ,’ ಎಂದ. ‘ಥೇಟ್ ಅವರಂಗ.’

ನಾನು ಗ್ಲಾಸನ್ನು ನೋಡುತ್ತಿದ್ದೆ. ಅದು ಮಸುಕಾಯಿತು. ಚಹಾದ ಹಬೆ ಎಂದುಕೊಂಡೆ, ಗಲ್ಲ ಮುಟ್ಟಿ ನೋಡಿದರೆ ನೀರು. ಮೂಗು, ಗಲ್ಲ, ಕುತ್ತಿಗೆ, ಎಲ್ಲ ಕಡೆ ನೀರು. ಅವ್ವ ನೋಡಿದ್ದರೆ ಸಮಾಧಾನಪಡುತ್ತಿದ್ದಳು. ಅವನು ನನ್ನನ್ನು ನೋಡಲಾರದೆ ಒಲೆಯ ಕಡೆಗೆ ತಿರುಗಿಕೊಂಡ. ಗಿರಾಕಿ ಯಾರೂ ಇಲ್ಲದಿದ್ದರೂ ಚಮಚ ಹಿಡಿದು ಪಾತ್ರೆಯಲ್ಲಿ ಆಡಿಸತೊಡಗಿದ.

‘ಅಣ್ಣಾರು ಆವತ್ತ ಕಡೀತನಕ ಕೇಳಿದ್ರಲ್ರೀ ಅಕ್ಕೋರ?’ ಎಂದು ರಸ್ತೆಯ ಕಡೆ ನೋಡುತ್ತ ಕೇಳಿದ.

ಚಮಚ ನಿಂತಿತು. ಈ ಸಲ ಅವನ ಗಂಟಲಿನಿಂದ ಏನೂ ಬರಲಿಲ್ಲ. ಬೆನ್ನು ಅಲುಗಾಡದೆ ಕಾಯುತ್ತಿತ್ತು.

ನಾನು ಹೂಂ ಎಂದೆ.